ನೀಲಗಿರಿಯ ಖಾಲಿ ಬಾಟಲಿ: 10 ರೂಪಾಯಿ ಠೇವಣಿ ಪದ್ಧತಿ

ಗೋಲಿ ಸೋಡಾ ಕುಡಿದು ಬೆಳೆದವರಿಗೆ ಬಾಟಲಿ ಠೇವಣಿ ಹೊಸ ಮಾತಲ್ಲ. ಅಂಗಡಿಯಲ್ಲೇ ಕುಡಿದರೆ ಸೋಡಾದ ಬೆಲೆ ಮಾತ್ರ, ಮನೆಗೆ ಒಯ್ದರೆ ಬಾಟಲಿಗೂ ಹಣ ಇಡಬೇಕಿತ್ತು. ಖಾಲಿ ಬಾಟಲಿ ತಂದುಕೊಟ್ಟಾಗ ಆ ಹಣ ವಾಪಸು. ಇದೇ ಪದ್ಧತಿ ತಮಿಳುನಾಡಿನ ನೀಲಗಿರಿ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳಲ್ಲಿ (ಟಾಸ್ಮಾಕ್) 2022ರ ಮೇ 15ರಿಂದ ಜಾರಿಗೆ ಬಂದಿತು.

ಹಿನ್ನೆಲೆ

ಕುಡಿದವರು ರಸ್ತೆ ಬದಿಯಲ್ಲಿ, ಕಾಡಂಚಿನಲ್ಲಿ ಎಸೆದ ಬಾಟಲಿಗಳು ಒಡೆದು ಆನೆಗಳ ಕಾಲಿಗೆ ಚುಚ್ಚುತ್ತಿದ್ದವು. ಆನೆಯ ಅಂಗಾಲು ಮೆತ್ತಗಿರುತ್ತದೆ. ಗಾಜು ಒಳಹೊಕ್ಕರೆ ಗಾಯ ಕೀವುಗಟ್ಟುತ್ತದೆ. ನಡೆಯಲಾಗದ ಆನೆಗೆ ಮೇವೂ ಇಲ್ಲ, ನೀರೂ ಇಲ್ಲ. ಮೇಯುವ ದನಗಳಿಗೆ, ಚಹಾ ತೋಟದ ಕೂಲಿಗಳಿಗೆ ಕೂಡ ಅದೇ ಅಪಾಯ. ಈ ವಿಷಯ ಮದ್ರಾಸ್ ಹೈಕೋರ್ಟಿನ ಮುಂದೆ ಬಂದಾಗ, ಖಾಲಿ ಬಾಟಲಿಗಳನ್ನು ಮರಳಿ ಕೊಳ್ಳುವಂತೆ ನ್ಯಾಯಾಲಯ ನಿರ್ದೇಶನ ನೀಡಿತು.

ಪದ್ಧತಿ ಹೇಗೆ?

ಪ್ರತಿ ಬಾಟಲಿಗೆ ಬೆಲೆಯ ಮೇಲೆ 10 ರೂಪಾಯಿ ಹೆಚ್ಚು ಪಡೆಯುತ್ತಾರೆ, ಬಾಟಲಿಗೆ ಚೀಟಿ ಅಂಟಿಸುತ್ತಾರೆ. ಖಾಲಿ ಬಾಟಲಿ ಮರಳಿಸಿದರೆ 10 ರೂಪಾಯಿ ಕೈಗೆ ಬರುತ್ತದೆ. ಇದು ತೆರಿಗೆಯಲ್ಲ, ದಂಡವೂ ಅಲ್ಲ. ನಂತರ ಈ ಪದ್ಧತಿಯನ್ನು ಕೊಯಮತ್ತೂರು, ಪೆರಂಬಲೂರು ಮುಂತಾದ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಕೇರಳದಲ್ಲಿ 2025ರ ಸೆಪ್ಟೆಂಬರಿನಲ್ಲಿ ತಿರುವನಂತಪುರ ಮತ್ತು ಕಣ್ಣೂರು ಜಿಲ್ಲೆಗಳ ಆಯ್ದ ಸರ್ಕಾರಿ ಮದ್ಯದಂಗಡಿಗಳಲ್ಲಿ 20 ರೂಪಾಯಿ ಠೇವಣಿಯ ಪ್ರಯೋಗ ಆರಂಭವಾಯಿತು.

ಮರಳಿದ ಬಾಟಲಿಯ ಉಪಯೋಗ

ಗಟ್ಟಿ ಬಾಟಲಿಯನ್ನು ತೊಳೆದು ಹಲವು ಸಲ ತುಂಬಬಹುದು. ಒಡೆದ ಗಾಜನ್ನು ಕರಗಿಸಿ ಮತ್ತೆ ಬಾಟಲಿ ಮಾಡಬಹುದು; ಎಷ್ಟು ಸಲ ಕರಗಿಸಿದರೂ ಗಾಜಿನ ಗುಣ ಕೆಡುವುದಿಲ್ಲ. ಮರಳು, ಸೋಡಾ, ಸುಣ್ಣಕಲ್ಲುಗಳಿಂದ ಹೊಸ ಗಾಜು ಮಾಡಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಳೆಯ ಗಾಜಿನ ಚೂರು ಸೇರಿಸಿದರೆ ಇಂಧನ ಉಳಿಯುತ್ತದೆ. ಕಾಡಿನಲ್ಲಿ ಬಿದ್ದ ಗಾಜು ಮಾತ್ರ ಕೊಳೆಯದೆ ತಲೆಮಾರುಗಳ ಕಾಲ ಹಾಗೆಯೇ ಉಳಿಯುತ್ತದೆ.

ಗಡಿಯವರ ಗಮನಕ್ಕೆ

ಬಂಡೀಪುರ, ಮುದುಮಲೆ ದಾಟಿ ಊಟಿಗೆ ಹೋಗುವವರು ಕರ್ನಾಟಕದಲ್ಲಿ ಕೊಂಡ ಬಾಟಲಿಗೆ ಅಲ್ಲಿ ಠೇವಣಿ ಹಣ ಸಿಗದು. ಅದಕ್ಕೆ ಹಣ ಇಟ್ಟೇ ಇರುವುದಿಲ್ಲ. ಆದರೆ ಆನೆಗೆ ರಾಜ್ಯದ ಗಡಿ ಇಲ್ಲ. ಠೇವಣಿ ಇದ್ದ ಬಾಟಲಿಯನ್ನು ಒಬ್ಬ ಎಸೆದರೂ ಹತ್ತು ರೂಪಾಯಿಗಾಗಿ ಇನ್ನೊಬ್ಬ ಹೆಕ್ಕುತ್ತಾನೆ. ಠೇವಣಿ ಇಲ್ಲದ ಬಾಟಲಿಯನ್ನು ತಂದವರೇ ಮರಳಿ ಒಯ್ಯಬೇಕು.