ಎಪ್ಪತ್ತೆರಡು ಎಂಬ ಸಂಖ್ಯೆ: ತಂಜಾವೂರಿನಿಂದ ತಿರುವನಂತಪುರದವರೆಗೆ



ನವರಾತ್ರಿಯಲ್ಲಿ ಕೊಚ್ಚಿಯ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಆರತಿಗೆ ಹಾಡು ಹೇಳಲು ಬಂದಿದ್ದ ಒಬ್ಬ ಹುಡುಗಿ ಕೋಸಂಬರಿ ತಿನ್ನುತ್ತಾ ಕೇಳಿದಳು: "ಆಂಟಿ, ಮೇಳಕರ್ತ ರಾಗಗಳು ಎಪ್ಪತ್ತೆರಡೇ ಯಾಕೆ? ನೂರು ಯಾಕಿಲ್ಲ? ಟೀಚರ್ ಬಾಯಿಪಾಠ ಮಾಡು ಅಂದರು, ಅಷ್ಟೇ." ಚಿಕ್ಕಂದಿನಲ್ಲಿ ನಾನೂ ಅದನ್ನು ಬಾಯಿಪಾಠವೇ ಮಾಡಿದ್ದೆ. ಉತ್ತರ ಕೊಡಲು ತಡವರಿಸಿದೆ. ಆಮೇಲೆ ಪುಸ್ತಕ ತೆಗೆದು ಕೂತಾಗ ತಿಳಿಯಿತು, ಈ ಒಂದು ಸಂಖ್ಯೆಯಲ್ಲಿ ಕನ್ನಡದವರ ಕಥೆಯೂ ಇದೆ, ನಾವು ಬಾಳುತ್ತಿರುವ ಈ ಕೇರಳದ ಕಥೆಯೂ ಇದೆ, ಹೆಣ್ಣುಮಕ್ಕಳ ಕಥೆಯೂ ಇದೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳೋಣ ಎಂದು ಈ ಬರಹ.

ಮೊದಲು ಸಂಖ್ಯೆಯನ್ನೇ ನೋಡೋಣ. 72 ಬಹಳ ಹೊಂದಿಕೊಳ್ಳುವ ಸಂಖ್ಯೆ. 1, 2, 3, 4, 6, 8, 9, 12, 18, 24, 36, 72 – ಹೀಗೆ ಹನ್ನೆರಡು ಸಂಖ್ಯೆಗಳು ಅದನ್ನು ಶೇಷವಿಲ್ಲದೆ ಭಾಗಿಸುತ್ತವೆ. ಅಕ್ಕಪಕ್ಕದ ಎಂಟು ಮತ್ತು ಒಂಬತ್ತರ ಗುಣಲಬ್ಧ ಅದು. ಸಾಲಾಗಿ ಬರುವ ನಾಲ್ಕು ಅವಿಭಾಜ್ಯ ಸಂಖ್ಯೆಗಳನ್ನು ಕೂಡಿಸಿದರೂ 72 ಬರುತ್ತದೆ: 13, 17, 19, 23. ಸಾಲಾಗಿ ಬರುವ ಆರನ್ನು ಕೂಡಿಸಿದರೂ 72: 5, 7, 11, 13, 17, 19. ಮನೆಯ ಲೆಕ್ಕಕ್ಕೂ ಅದು ಒದಗುತ್ತದೆ. ಬ್ಯಾಂಕಿನಲ್ಲಿಟ್ಟ ದುಡ್ಡು ಚಕ್ರಬಡ್ಡಿಯಲ್ಲಿ ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಎಂದು ತಿಳಿಯಲು 72ನ್ನು ಬಡ್ಡಿದರದಿಂದ ಭಾಗಿಸಿದರೆ ಸಾಕು. ಶೇಕಡಾ 8 ಇದ್ದರೆ ಸುಮಾರು ಒಂಬತ್ತು ವರ್ಷ. ಇಟಲಿಯ ಲೂಕಾ ಪಾಚಿಯೋಲಿ 1494ರಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಈ ಸೂತ್ರವನ್ನು ಹೇಳಿದ್ದಾನೆ.

ಇನ್ನು ಆ ಹುಡುಗಿಯ ಪ್ರಶ್ನೆ. ಮೇಳದಲ್ಲಿ ಏಳು ಸ್ವರಗಳೂ ಇರಬೇಕು. ಷಡ್ಜ, ಪಂಚಮ ಕದಲುವುದಿಲ್ಲ. ಅವುಗಳ ನಡುವೆ ರಿಷಭ ಮತ್ತು ಗಾಂಧಾರಕ್ಕೆ ಸೇರಿ ನಾಲ್ಕು ಸ್ಥಾನಗಳಿವೆ. ನಾಲ್ಕು ಕುರ್ಚಿ, ಇಬ್ಬರು ಅಕ್ಕತಂಗಿಯರು ಎಂದುಕೊಳ್ಳಿ. ಅಕ್ಕ ರಿಷಭ ಯಾವಾಗಲೂ ಮುಂದಿನ ಕುರ್ಚಿಯಲ್ಲೇ ಕೂರಬೇಕು. 1-2, 1-3, 1-4, 2-3, 2-4, 3-4 – ಆರೇ ರೀತಿ. ಧೈವತ, ನಿಷಾದಗಳಿಗೂ ಹೀಗೆಯೇ ಆರು ರೀತಿ. ಆರಾರಲಿ ಮೂವತ್ತಾರು. ಮಧ್ಯಮಕ್ಕೆ ಶುದ್ಧ, ಪ್ರತಿ ಎಂಬ ಎರಡು ರೂಪ. ಮೂವತ್ತಾರರ ಎರಡರಷ್ಟು ಎಪ್ಪತ್ತೆರಡು. ನೂರಾಗಲು ದಾರಿಯಿಲ್ಲ, ಎಪ್ಪತ್ತೊಂದಕ್ಕೆ ನಿಲ್ಲಲೂ ಆಗದು.

ಈ ಲೆಕ್ಕವನ್ನು ಹೀಗೆ ಪೂರ್ತಿಯಾಗಿ ಕಟ್ಟಿಕೊಟ್ಟವನು ವೆಂಕಟಮಖಿ. 17ನೇ ಶತಮಾನದಲ್ಲಿ, ತಂಜಾವೂರಿನ ವಿಜಯರಾಘವ ನಾಯಕನ ಕಾಲದಲ್ಲಿ, ಸಂಸ್ಕೃತದಲ್ಲಿ 'ಚತುರ್ದಂಡೀ ಪ್ರಕಾಶಿಕಾ' ಎಂಬ ಗ್ರಂಥ ಬರೆದವನು. ಅವನ ತಂದೆ ಗೋವಿಂದ ದೀಕ್ಷಿತ ತಂಜಾವೂರು ನಾಯಕರ ಮಂತ್ರಿ, ಕನ್ನಡ ಮನೆತನದವನು. ಹೊಟ್ಟೆಪಾಡಿಗೋ ರಾಜಾಶ್ರಯಕ್ಕೋ ಊರು ಬಿಟ್ಟು ಹೋದ ಕನ್ನಡಿಗರ ಮಗ ಪರಊರಿನಲ್ಲಿ ಕೂತು ದಕ್ಷಿಣದ ಸಂಗೀತಕ್ಕೆಲ್ಲ ಅಡಿಪಾಯ ಹಾಕಿದ. ಹೊರನಾಡ ಕನ್ನಡತಿಯರಾದ ನಮಗೆ ಇದು ಹೆಮ್ಮೆಯ ವಿಷಯವಲ್ಲವೇ?

ವೆಂಕಟಮಖಿಗೆ ತನ್ನ ಲೆಕ್ಕದ ಮೇಲೆ ಎಷ್ಟು ಭರವಸೆ ಎಂದರೆ, ಇದಕ್ಕೆ ಒಂದನ್ನು ಸೇರಿಸಲು, ಒಂದನ್ನು ಕಳೆಯಲು ಆ ಮುಕ್ಕಣ್ಣನಿಗೂ ಸಾಧ್ಯವಿಲ್ಲ ಎಂಬರ್ಥದ ಮಾತು ಬರೆದಿದ್ದಾನೆ. ಆದರೆ ಅವನೇ ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಿದ: ಆಗ ಬಳಕೆಯಲ್ಲಿದ್ದ ಮೇಳಗಳು ಹತ್ತೊಂಬತ್ತೇ. ಅವನಿಗಿಂತ ಮೊದಲು, 1550ರಲ್ಲಿ, ವಿಜಯನಗರದ ರಾಮಾಮಾತ್ಯ 'ಸ್ವರಮೇಳಕಲಾನಿಧಿ'ಯಲ್ಲಿ ಇಪ್ಪತ್ತು ಮೇಳಗಳನ್ನು ಹೇಳಿದ್ದ. ರಾಮಾಮಾತ್ಯ ಎಣಿಸಿದ್ದು ಹಾಡಿನಲ್ಲಿ ಇದ್ದುದನ್ನು. ವೆಂಕಟಮಖಿ ಎಣಿಸಿದ್ದು ಇರಬಹುದಾದುದನ್ನೆಲ್ಲ. ಇನ್ನೂ ಯಾರೂ ಹಾಡದ ಐವತ್ತಮೂರು ಮೇಳಗಳಿಗೂ ಅವನು ಜಾಗ ಕಾದಿರಿಸಿದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕೇರಳದ ಪಾಲಿಗೆ ಬರೋಣ. ಎಪ್ಪತ್ತೆರಡು ಮೇಳಗಳ ಹೆಸರಿನಲ್ಲೇ ಅವುಗಳ ಕ್ರಮಸಂಖ್ಯೆ ಅಡಗಿದೆ. ಅದನ್ನು ಬಿಡಿಸುವ ಕೀಲಿಯೇ ಕಟಪಯಾದಿ. ಮಲಯಾಳದಲ್ಲಿ ಇದಕ್ಕೆ 'ಪರಲ್ಪೇರು' ಎನ್ನುತ್ತಾರೆ. ಕ, ಟ, ಪ, ಯ ಈ ನಾಲ್ಕಕ್ಕೂ 1. ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲಿ 2, 3 ಎಂದು ಏರುತ್ತದೆ. ಞ, ನ ಸೊನ್ನೆ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮಾಯಾಮಾಳವಗೌಳ: 'ಮ' 5, 'ಯ' 1, ತಿರುಗಿಸಿದರೆ 15. ಮೇಚಕಲ್ಯಾಣಿ: 'ಮ' 5, 'ಚ' 6, ತಿರುಗಿಸಿದರೆ 65. ಹನುಮತೋಡಿ: 'ಹ' 8, 'ನ' 0, ಅಂದರೆ 8. ಮೊದಲನೆಯದು ಕನಕಾಂಗಿ, 'ಕ' 1, 'ನ' 0. ಕೊನೆಯದು ರಸಿಕಪ್ರಿಯ, 'ರ' 2, 'ಸ' 7.

ಕಟಪಯಾದಿ ಕೇರಳದ ಜ್ಯೋತಿರ್ಗಣಿತದಲ್ಲಿ ಬಹಳ ಹಿಂದೆಯೇ ಬೇರು ಬಿಟ್ಟಿತ್ತು. 7ನೇ ಶತಮಾನದ ಹರಿದತ್ತ ತನ್ನ ಗ್ರಹಗಣಿತದಲ್ಲಿ ಅದನ್ನು ಬಳಸಿದ್ದಾನೆ. ದೊಡ್ಡ ದೊಡ್ಡ ಅಂಕಿಗಳನ್ನು ಪದವಾಗಿಸಿ ನೆನಪಿಡುವುದು ಇಲ್ಲಿಯ ಪಂಡಿತರ ವಾಡಿಕೆ. ಗುರುವಾಯೂರಿನ ಭಕ್ತರೆಲ್ಲ ಪಠಿಸುವ 'ನಾರಾಯಣೀಯಂ' ಕಾವ್ಯವನ್ನು ಮೇಲ್ಪತ್ತೂರು ನಾರಾಯಣ ಭಟ್ಟತಿರಿ 'ಆಯುರಾರೋಗ್ಯಸೌಖ್ಯಂ' ಎಂಬ ಪದದಿಂದ ಮುಗಿಸುತ್ತಾರೆ. ಅದು ಹರಕೆಯೂ ಹೌದು, ತಾರೀಕೂ ಹೌದು. ಬಿಡಿಸಿದರೆ 17,12,210 – ಕಲಿಯುಗ ಆರಂಭವಾಗಿ ಅಷ್ಟು ದಿನ. ಅಂದರೆ ಕ್ರಿ.ಶ. 1586.

ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಇದೆ, ನನಗೂ ಇತ್ತು. ಇವತ್ತು ನಾವು ಹೇಳುವ ಕನಕಾಂಗಿ, ರತ್ನಾಂಗಿ ಹೆಸರುಗಳನ್ನು ವೆಂಕಟಮಖಿಯೇ ಇಟ್ಟನೆಂದು. ಹಾಗಲ್ಲ. ಕಟಪಯಾದಿಗೆ ಹೊಂದಿದ ಹೆಸರುಗಳು ಅವನ ನಂತರ ಬಂದವು. ಹಳೆಯ ಶಂಕರಾಭರಣಕ್ಕೆ 'ಧೀರ' ಸೇರಿಸಿ 29 ಮಾಡಿದ್ದು, ಕಲ್ಯಾಣಿಗೆ 'ಮೇಚ' ಸೇರಿಸಿದ್ದು ಆಮೇಲಿನವರು. ಕನ್ನಡ ಮನೆತನದವನ ಲೆಕ್ಕಕ್ಕೆ ಕೇರಳದಲ್ಲಿ ಬೆಳೆದ ಅಕ್ಷರಸಂಖ್ಯೆ ಹೀಗೆ ಕೂಡಿಕೊಂಡಿತು. ಅಂದಹಾಗೆ ಶಂಕರಾಭರಣ 29, ಕಲ್ಯಾಣಿ 65. ನಡುವಿನ ಅಂತರ ಸರಿಯಾಗಿ 36. ಎರಡಕ್ಕೂ ವ್ಯತ್ಯಾಸ ಮಧ್ಯಮ ಒಂದೇ. ಶುದ್ಧ ಮಧ್ಯಮದ ಯಾವ ಮೇಳಕ್ಕೆ 36 ಕೂಡಿಸಿದರೂ ಅದರ ಪ್ರತಿಮಧ್ಯಮದ ಜೋಡಿ ಸಿಗುತ್ತದೆ. ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ಬಾಯಿಪಾಠ ಅರ್ಧ ಇಳಿಯುತ್ತದೆ.

ತಿರುವನಂತಪುರಕ್ಕೆ ಹೋದಾಗ ಪದ್ಮನಾಭಸ್ವಾಮಿ ದೇವಸ್ಥಾನದ ಹತ್ತಿರದ ನವರಾತ್ರಿ ಮಂಟಪವನ್ನು ನೀವು ನೋಡಿರಬಹುದು. ಪದ್ಮನಾಭಪುರದಿಂದ ಮೆರವಣಿಗೆಯಲ್ಲಿ ಬರುವ ಸರಸ್ವತಿಯ ಮುಂದೆ ಒಂಬತ್ತು ಸಂಜೆ ಅಲ್ಲಿ ಕಛೇರಿ. ಚಪ್ಪಾಳೆ ಇಲ್ಲ, ಹಾಡು ದೇವಿಗೆ. ಪ್ರತಿದಿನಕ್ಕೂ ಸ್ವಾತಿ ತಿರುನಾಳ್ ಮಹಾರಾಜರ (1813–1846) ಒಂದು ಕೃತಿ ಗೊತ್ತು. ಶಂಕರಾಭರಣ, ಕಲ್ಯಾಣಿ, ತೋಡಿ ಈ ಮೂರು ಮೇಳರಾಗಗಳೂ ಆ ಒಂಬತ್ತರಲ್ಲಿವೆ. ಈ ಮಹಾರಾಜರು ಕನ್ನಡದಲ್ಲೂ ಹಾಡು ಕಟ್ಟಿದ್ದಾರೆ ಎಂಬುದು ನಮಗೆ ಸಂತೋಷದ ಸಂಗತಿ. 1939ರಲ್ಲಿ ಇದೇ ಊರಿನಲ್ಲಿ ಶುರುವಾದ ಸಂಗೀತ ಶಾಲೆಯೇ ಇಂದಿನ ಸ್ವಾತಿ ತಿರುನಾಳ್ ಸಂಗೀತ ಕಾಲೇಜು. ಅದರ ಮೊದಲ ಪ್ರಾಂಶುಪಾಲರು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು. ಅದಕ್ಕೆ ಮುಂಚೆ ಮೈಸೂರು ಆಸ್ಥಾನದಲ್ಲಿದ್ದು ಚಾಮುಂಡೇಶ್ವರಿಯ ಮೇಲೆ 108 ಕೃತಿ ರಚಿಸಿದವರು.

ಆ ಕಾಲೇಜಿನಲ್ಲಿ ಕಲಿತು, ಅಲ್ಲಿಯ ಮೊದಲ ಅಧ್ಯಾಪಕಿಯಾದವರು ಪಾರಶ್ಶಾಲ ಬಿ. ಪೊನ್ನಮ್ಮಾಳ್ (1924–2021). ಮುಂದೆ ಅವರು ನಮ್ಮ ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರದ ಆರ್.ಎಲ್.ವಿ. ಸಂಗೀತ ಕಾಲೇಜಿನ ಮೊದಲ ಮಹಿಳಾ ಪ್ರಾಂಶುಪಾಲೆಯೂ ಆದರು. ಎಷ್ಟೋ ಮಂದಿಗೆ ಎಪ್ಪತ್ತೆರಡನ್ನೂ ಕಲಿಸಿದ ಕಂಠ ಅದು. ಆದರೆ ನವರಾತ್ರಿ ಮಂಟಪದಲ್ಲಿ ಹೆಣ್ಣು ಹಾಡುವ ಪದ್ಧತಿ ಇರಲಿಲ್ಲ. ದೇವಿಯ ಉತ್ಸವ, ವಿದ್ಯೆಯ ಅಧಿದೇವತೆಯ ಸನ್ನಿಧಿ, ಹಾಡುವವರು ಮಾತ್ರ ಗಂಡಸರು. 2006ರ ನವರಾತ್ರಿಯಲ್ಲಿ, ಎಂಬತ್ತು ದಾಟಿದ ಪೊನ್ನಮ್ಮಾಳ್ ಆ ಮಂಟಪದಲ್ಲಿ ಕೂತು ಹಾಡಿದರು. ಅಲ್ಲಿ ಹಾಡಿದ ಮೊದಲ ಮಹಿಳೆ ಅವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ವೆಂಕಟಮಖಿಯ ಹತ್ತೊಂಬತ್ತನ್ನು ನೆನಪಿಟ್ಟುಕೊಳ್ಳಿ ಎಂದೆನಲ್ಲ, ಇದಕ್ಕೇ. ಬಳಕೆಯಲ್ಲಿ ಇಲ್ಲ ಎಂದರೆ ಜಾಗವೇ ಇಲ್ಲ ಎಂದಲ್ಲ. ಅವನ ಲೆಕ್ಕದಲ್ಲಿ ಕಾದಿದ್ದ ಮೇಳಗಳು ಆಮೇಲೆ ಒಂದೊಂದಾಗಿ ಕಂಠಕ್ಕೆ ಬಂದವು. ಮಹಾ ವೈದ್ಯನಾಥ ಅಯ್ಯರ್ 19ನೇ ಶತಮಾನದಲ್ಲಿ ಎಪ್ಪತ್ತೆರಡನ್ನೂ ಒಂದೇ ರಾಗಮಾಲಿಕೆಯಲ್ಲಿ ಪೋಣಿಸಿದರು. ಪೊನ್ನಮ್ಮಾಳ್ ಅವರ ಜಾಗವೂ ಆ ಮಂಟಪದಲ್ಲಿ ಮೊದಲಿನಿಂದ ಇತ್ತು. ವಿದ್ಯೆಯ ಲೆಕ್ಕ ಅವರನ್ನು ಬಿಟ್ಟಿರಲಿಲ್ಲ, ವಾಡಿಕೆ ಬಿಟ್ಟಿತ್ತು. ಅದು ಸರಿಹೋಗುವ ಹೊತ್ತಿಗೆ ಅವರ ಯೌವನದ ಕಂಠ ಎಂದೋ ಕಳೆದಿತ್ತು ಎಂಬ ನೋವು ಮಾತ್ರ ನನ್ನನ್ನು ಬಿಡುವುದಿಲ್ಲ.

ಆ ಹುಡುಗಿ ಮುಂದಿನ ವಾರ ಮತ್ತೆ ಬಂದಳು. ಊಟದ ಮೇಜಿನ ನಾಲ್ಕು ಕುರ್ಚಿ ಎಳೆದು ಸಾಲಾಗಿ ಇಟ್ಟೆ. ಅವಳು ರಿಷಭ, ಅವಳ ತಂಗಿ ಗಾಂಧಾರ. ಕೂತು ಎದ್ದು, ನಕ್ಕು, ಆರು ಸಲ ಜಾಗ ಬದಲಿಸಿದರು. ಏಳನೆಯ ರೀತಿ ಹುಡುಕಿ ಸೋತ ಮೇಲೆ, "ಹಾಗಾದರೆ ಎಪ್ಪತ್ತೆರಡೇ!" ಎಂದು ಅವಳೇ ಕೂಗಿದಳು. ಈ ಸಲದ ನವರಾತ್ರಿಗೆ ನಿಮ್ಮ ಮನೆಗೆ ಬರುವ ಮಕ್ಕಳಿಗೂ ಕುರ್ಚಿ ಹಾಕಿ ತೋರಿಸಿ.