ಎಂಗಳ ಮನೆ ಕಂಪ್ಯೂಟರಿಂಗೆ ಕನ್ನಡ ಬಂದ ಕತೆ

ಮೊನ್ನೆ ಕೆಳಾಣಮನೆ ಅತ್ತಿಗೆ ಜಾಲಿಂದಲೇ ದಿನಿಗೇಳಿತ್ತು. "ಮಾವಿನ ಮೆಡಿ ಸಾವಿರ ಸಿಕ್ಕಿದ್ದು. ನಿನ್ನ ಅತ್ತೆಯ ಲೆಕ್ಕ ಒಂದರಿ ಕೊಡು. ಉಪ್ಪೆಷ್ಟು, ಸಾಸಮೆ ಎಷ್ಟು ಹೇಳಿ ಎನಗೆ ಮರದತ್ತು."

ಅತ್ತೆ ಹೋಗಿ ಆರು ವರ್ಷ ಆತು. ಅವರ ಅಡಿಗೆ ಪುಸ್ತಕ ಅದಕ್ಕಿಂತ ಮದಲೇ ಒರಳೆ ತಿಂದು ಮಣ್ಣಾಯಿದು. ಆದರೂ ಆನು ಜೆಂಬಲ್ಲಿ ಹೇಳಿದೆ, "ಎಲ್ಲ ಕಂಪ್ಯೂಟರಿಲಿ ಇದ್ದು ಅತ್ತಿಗೆ. ಹೊತ್ತೋಪಗ ವಾಟ್ಸಾಪಿಂಗೆ ಹಾಕುತ್ತೆ." ಎನ್ನ ವಿಷಯ ನಿಂಗೊಗೆ ಗೊಂತಿದ್ದನ್ನೆ. ಮಕ್ಕೊ ಎಲ್ಲ "ಕಂಪ್ಯೂಟರತ್ತೆ" ಹೇಳುದು ಸುಮ್ಮನೆ ಅಲ್ಲ. ಮನೆಲಿ ಹೊಸ ಫೋನು ಬಂದರೆ ಮದಲು ಪೆಟ್ಟಿಗೆ ಒಡವದು ಆನೇ, ಹಳತ್ತು ಹಾಳಾದರೆ ಬೈಗಳು ತಿಂಬದೂ ಆನೇ.

ಮಧ್ಯಾಹ್ನದ ಊಟ ಕಳುಶಿ ಫೈಲಿನ ಬಿಡುಸಿದೆ. ನೋಡಿರೆ ಅದರಲ್ಲಿ ಕನ್ನಡದ ಒಂದಕ್ಷರ ಇಲ್ಲೆ! ಇಂಗ್ಲಿಷಿನ ದೊಡ್ಡ ಸಿ, ತಲೆ ಮೇಲೆ ಓರೆ ಗೀಟು ಇಪ್ಪ ಎ, ನೆಡುಕೆ ಪೌಂಡಿನ ಚಿಹ್ನೆ, ಮತ್ತೆ ಎಂತೆಂತದೋ ಬಾಲ ಕೊಂಬಿನ ಅಕ್ಷರಂಗೊ. ಓದುಲೆ ಎಡಿವದು ಅಂಕೆ ಮಾಂತ್ರ. ಒಂದಿಕ್ಕೆ 1000, ಒಂದಿಕ್ಕೆ 3, ಕೆಳ 1. ಲೆಕ್ಕ ಎಲ್ಲ ಸರಿ ಇದ್ದು, ಏವದರ ಲೆಕ್ಕ ಹೇಳಿ ಇಲ್ಲೆ.

ಹೀಂಗೆಂತಕೆ ಆತು ಹೇಳಿ ಗೊಂತಾಯೆಕಾರೆ ರಜ್ಜ ಹಿಂದೆ ಹೋಯೆಕು.

ಎಂಗಳಲ್ಲಿಗೆ ಕಂಪ್ಯೂಟರಿಂದ ಮದಲು ಬಂದದು ಫೋನು. ಅದಕ್ಕೂ ಮದಲು ಟ್ರಂಕ್ ಕಾಲು. ಪೋಸ್ಟಾಪೀಸಿಲಿ ಬುಕ್ಕು ಮಾಡಿ, ಬೆಂಚಿಲಿ ಕೂದು, ಸಿಕ್ಕಿಯಪ್ಪಗ ಇಡೀ ಪೇಟೆಗೆ ಕೇಳುವ ಹಾಂಗೆ ಬೊಬ್ಬೆ ಹಾಕೆಕು. ಹಳ್ಳಿಗೊಕ್ಕೆ ಫೋನು ಬಪ್ಪಲೆ ತಡವಾದ್ದು ಬರೀ ತಂತಿ ಇಲ್ಲದ್ದೆ ಅಲ್ಲ. ಅಂದ್ರಾಣ ಎಕ್ಸ್‌ಚೇಂಜಿಂಗೆ ಸೆಕೆ ಆಗ, ಧೂಳು ಆಗ, ಏಸಿ ಕೋಣೆ ಬೇಕು. 1984ರಲ್ಲಿ ಶುರುವಾದ ಸಿ-ಡಾಟ್ ಹೇಳ್ತ ಸರಕಾರದ ಸಂಸ್ಥೆ ನಮ್ಮ ಸೆಕೆ, ಧೂಳು ತಡಕ್ಕೊಂಬ 128 ಲೈನಿನ ಸಣ್ಣ ಎಕ್ಸ್‌ಚೇಂಜು ಮಾಡಿತ್ತು. ಅದರ ಸುರೂವಿಂಗೆ ಮಡಗಿದ್ದು 1986ರಲ್ಲಿ, ನಮ್ಮ ಕಿತ್ತೂರಿಲಿ. ಅಪ್ಪು, ಚೆನ್ನಮ್ಮನ ಕಿತ್ತೂರೇ. ಅಲ್ಲಿಂದ ಮತ್ತೆ ಊರೂರಿಂಗೆ ಎತ್ತಿತ್ತು.

ಎಂಗಳ ಮನೆಗೆ ಎತ್ತುವಗ ಎನಗೆ ಮದುವೆ ಆಗಿ ಮಗಳು ಹುಟ್ಟಿಯಾಗಿತ್ತು. ಮಾವ ಫೋನಿನ ಚಾವಡಿಲಿ ಮಡಗಿದವು, ಕಸೂತಿ ವಸ್ತ್ರ ಹೊದೆಶಿ, ದೇವರ ಹಾಂಗೆ. ಚಾವಡಿ ಹೇಳಿರೆ ಗೆಂಡುಮಕ್ಕೊ ಕೂಪಲ್ಲಿ. ಅಪ್ಪನ ಮನೆಂದ ಅಬ್ಬೆ ಫೋನು ಮಾಡಿ "ಎಂತ ಮಗಳೇ, ಸೌಖ್ಯವಾ?" ಕೇಳಿರೆ ಆನು "ಹೂಂ, ಸೌಖ್ಯ" ಹೇಳುದು, ಅಷ್ಟೆ. ಕಷ್ಟ ಹೇಳುಲೆ ಬಾಯಿ ಬಪ್ಪದಾದರೂ ಹೇಂಗೆ? ನಿಂಗಳಲ್ಲಿ ಸುಮಾರು ಜೆನ ಹೀಂಗೆ "ಹೂಂ" ಹೇಳಿದವೇ ಆಗಿಕ್ಕು.

ಮೊಬೈಲು ನಮ್ಮ ದೇಶಕ್ಕೆ ಬಂದದು 1995ರ ಜುಲೈ 31ಕ್ಕೆ. ಕಲ್ಕತ್ತಂದ ಜ್ಯೋತಿ ಬಸು ದೆಹಲಿಲಿತ್ತ ಸುಖರಾಮಂಗೆ ಮಾತಾಡಿದವು. ಅಂದು ಮಾಡಿರೂ ಪೈಸೆ, ಬಂದದರ ತೆಗದರೂ ಪೈಸೆ. 2003ರಲ್ಲಿ ಒಳ ಬಪ್ಪ ಕಾಲಿಂಗೆ ಪೈಸೆ ಇಲ್ಲೆ ಹೇಳಿ ಆದ ಮತ್ತೆಯೇ ನಮ್ಮಂತವರ ಕೈಗೆ ಬಂದದು. ಎನ್ನ ಸುರೂವಾಣದ್ದು ನೋಕಿಯಾ 1100. ತಲೆಲಿ ಟಾರ್ಚಿತ್ತನ್ನೆ, ಅದೇ. ಮಾತಾಡಿದ್ದಕ್ಕಿಂತ ಇರುಳು ಹಟ್ಟಿಗೆ ಹೋಪಲೆ ಹಿಡ್ಕೊಂಡದೇ ಹೆಚ್ಚು. ಆದರೆ ಅಬ್ಬೆಯ ಹತ್ತರೆ ಸರಿಯಾಗಿ ಮಾತಾಡಿದ್ದು ಅಂದಿಂದಲೇ. ತೋಟದ ಕೆರೆ ಕಟ್ಟೆಲಿ ಸಿಗ್ನಲ್ ಸಿಕ್ಕಿಗೊಂಡಿತ್ತು. ಸೊಪ್ಪು ತಪ್ಪ ನೆಪಲ್ಲಿ ಹೋಪದು.

ಫೋನಿನ ಕತೆ ಅಷ್ಟೆ. ಕಂಪ್ಯೂಟರಿಂದು ಉದ್ದ ಇದ್ದು.

2004ರಲ್ಲಿ ಎಂಗಳವು ಪೇಟೆಂದ ಒಂದು ಹಳೆ ಕಂಪ್ಯೂಟರು ತಂದವು, ಅಡಕ್ಕೆ ಲೆಕ್ಕ ಬರವಲೆ ಹೇಳಿ. ಅದಕ್ಕೆ ಮೇಜು ಎಲ್ಲಿಂದ? ಬತ್ತ ತುಂಬುಸುವ ಪತ್ತಾಯ ಖಾಲಿ ಇತ್ತು, ಅದರ ಮೇಲೆ ಟಿವಿಯಷ್ಟು ದಪ್ಪದ ಮೋನಿಟರು ಕೂದತ್ತು. ಕಾಲು ಮಡಗುಲೆ ಜಾಗೆ ಇಲ್ಲೆ, ಓರೆ ಕೂದು ಟೈಪು ಮಾಡೆಕು. ಎನ್ನ ಸೊಂಟ ಬೇನೆಯ ಹುಟ್ಟೂರು ಅದುವೇ. ಅತ್ತೆಯ ಹಳೆ ಸೀರೆಂದ ಒಂದು ಹೊದಿಕೆ ಹೊಲುದೆ. ಆದರೂ ಡಬ್ಬಿಯ ಒಳ ಎರುಗು ಮೊಟ್ಟೆ ಮಡಗಿತ್ತು. ಸಿಡಿಲು ಸುರುವಾದರೆ ಒಲೆಲಿ ಎಂತ ಇದ್ದರೂ ಬಿಟ್ಟು ಓಡಿ ಪ್ಲಗ್ಗು ತೆಗವದು.

ಅಡಕ್ಕೆ ಲೆಕ್ಕ ಬರವಲೆ ಎಂಗಳವಕ್ಕೆ ಪುರುಸೊತ್ತು ಆತಿಲ್ಲೆ. ಆನು ಕೂದೆ. ಕನ್ನಡಲ್ಲಿ ಬರವಲೆ ಆವ್ತು ಹೇಳಿ ಗೊಂತಪ್ಪಗ ಎನಗೆ ಇರುಳು ಒರಕ್ಕು ಬಯಿಂದಿಲ್ಲೆ.

ಇಲ್ಲಿ ಒಬ್ಬರ ಹೆಸರು ಹೇಳದ್ದೆ ಮುಂದೆ ಹೋಪಲಾಗ. ಕೆ. ಪಿ. ರಾವ್. ಮಂಗ್ಳೂರು ಹತ್ತರಾಣ ಕಿನ್ನಿಕಂಬಳದವು. ಕನ್ನಡಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿರೆ ರೂಪಂಗೊ ನೂರಾರು. ಕೀಲಿಮಣೆಲಿ ಇಪ್ಪ ಇಂಗ್ಲಿಷು ಅಕ್ಷರದ ಗುಬ್ಬಿ 26. ಅವು ನಾವು ಕಣ್ಣಿಲಿ ಕಾಂಬ ರೂಪವ ಬಿಟ್ಟು ಬಾಯಿಲಿ ಹೇಳುವ ಧ್ವನಿಯ ಹಿಡುದವು. ಕೆ ಒತ್ತಿರೆ ಕ, ಶಿಫ್ಟು ಹಿಡುದು ಒತ್ತಿರೆ ಖ. ಒತ್ತಕ್ಷರ ಬೇಕಾರೆ ನೆಡುಕೆ ಎಫ್. ಉಪ್ಪು ಹೇಳಿ ಬರೆಯೆಕಾರೆ ಯು, ಪಿ, ಎಫ್, ಪಿ, ಯು. ಅಷ್ಟೆ. ಕನ್ನಡ ಗಣಕ ಪರಿಷತ್ತು ಸರಕಾರಕ್ಕೆ ಬೇಕಾಗಿ ಮಾಡಿದ ನುಡಿಲಿ ಇಪ್ಪದೂ ಇದೇ ಕ್ರಮ. ಅದಕ್ಕೂ ಮದಲು, 1998ರಲ್ಲಿ, ಶೇಷಾದ್ರಿವಾಸು ಅವರ ಬರಹ ಬಂದಿತ್ತು. ಪರದೇಶಲ್ಲಿಪ್ಪ ನಮ್ಮವು ಸುಮಾರು ಜೆನ ಅದರಲ್ಲೇ ಬರಕ್ಕೊಂಡಿತ್ತಿದ್ದವು. ಎಂಗಳಲ್ಲಿ ನುಡಿ.

ಅತ್ತೆ ಹತ್ತರೆ ಮಣೆ ಹಾಕಿ ಕೂದು ಅಡಿಗೆಗಳ ಹೇಳುದು, ಆನು ಟೈಪು ಮಾಡುದು. ಎಫ್ ಎಂತಕೆ ಅಷ್ಟು ಸರ್ತಿ ಒತ್ತುತ್ತೆ ಕೇಳಿದವು. ಎರಡು ಅಕ್ಷರಕ್ಕೆ ಗೆಂಟು ಹಾಕುಲೆ ಹೇಳಿದೆ. ಮತ್ತೆ ಅವೇ ಹೇಳುಗು, "ಅಡಕ್ಕೆಗೆ ಗೆಂಟು ಹಾಕಿದೆಯಾ?" ಹೇಳಿ. ಹಾಂಗೆ 27 ಅಡಿಗೆ ಒಂದು ಫೈಲಿಲಿ ಆತು. ಮತ್ತೆ ನಾಲ್ಕು ಹೇಳಿದವು, ಅದರ ಬೇರೆ ಬರದೆ.

ಈಗ ಆ ಸಿ ಮತ್ತೆ ಪೌಂಡು ಎಲ್ಲಿಂದ ಬಂತು ಹೇಳಿ. ಕಂಪ್ಯೂಟರಿಂಗೆ ಅಕ್ಷರ ಗೊಂತಿಲ್ಲೆ, ನಂಬ್ರ ಮಾಂತ್ರ. ಅಂದ್ರಾಣ ನುಡಿಲಿ ಕನ್ನಡಕ್ಕೆ ಹೇಳಿ ಬೇರೆ ನಂಬ್ರ ಇತ್ತಿಲ್ಲೆ. ಇಂಗ್ಲಿಷಿನ ನಂಬ್ರವೇ. ಅದಕ್ಕೆ ಕನ್ನಡದ ವೇಷ ಹಾಕುಸುದು ಫಾಂಟು. ಆಟದ ಚೌಕಿಲಿ ನೋಡಿದ್ದಿರನ್ನೆ, ಕಿರೀಟ ಕಟ್ಟಿ ಬಣ್ಣ ಹಾಕಿರೆ ಅವ ಮಹಿಷಾಸುರ, ತೆಗದರೆ ನಮ್ಮ ಆಚಮನೆ ಭಾವ. ಹಾಂಗೆ ಫೈಲಿನ ಒಳ ಇದ್ದದು ಸಿ, ನುಡಿ ಫಾಂಟಿನ ವೇಷಲ್ಲಿ ಅದು ಅ. ಫಾಂಟು ಇಲ್ಲದ್ದ ಹೊಸ ಲ್ಯಾಪ್‌ಟಾಪಿಲಿ ಬಿಡುಸಿರೆ ಎಲ್ಲೋರೂ ವೇಷ ಇಲ್ಲದ್ದೆ ರಂಗಸ್ಥಳಕ್ಕೆ ಬಂದ ಹಾಂಗೆ. ಅಂಕೆಗೊಕ್ಕೆ ವೇಷ ಬೇಡ, ಹಾಂಗಾಗಿ ಅವು ಒಳುದ್ದು.

ಇದಕ್ಕೆ ಮದ್ದು ಅಂಬಗಳೇ ಇತ್ತು, ಅದೇ ಬೇಜಾರ. ಲೋಕದ ಎಲ್ಲ ಲಿಪಿಗೂ ಅದರದ್ದೇ ನಂಬ್ರ ಕೊಡುವ ಯೂನಿಕೋಡು 1991ರಲ್ಲೇ ಬಂದಿತ್ತು, ಸುರೂವಾಣ ಆವೃತ್ತಿಲೇ ಕನ್ನಡಕ್ಕೆ 128 ಮನೆ ಕೊಟ್ಟಿತ್ತವು. 2001ರ ವಿಂಡೋಸ್ ಎಕ್ಸ್‌ಪಿಲಿ ತುಂಗಾ ಹೇಳ್ತ ಕನ್ನಡ ಫಾಂಟೂ ಇತ್ತು. 2003ಕ್ಕೆ ಕನ್ನಡ ವಿಕಿಪೀಡಿಯ ಅದರಲ್ಲೇ ಸುರು ಆಯಿದು. ಆದರೆ ಎಕ್ಸ್‌ಪಿಲಿ ಕನ್ನಡ ಸರಿ ಕಾಣೆಕಾರೆ ವಿಂಡೋಸಿನ ಸೀಡಿ ಹಾಕಿ ಇನ್ನೂ ರಜ್ಜ ಎಂತದೋ ಒಳ ಹಾಕೆಕ್ಕಿತ್ತು. ಮಾರಿದ ಅಂಗಡಿಯವ ಸೀಡಿ ಕೊಟ್ಟಿದಾಯಿಲ್ಲೆ. ಆನು ಕೇಳಿದ್ದೂ ಇಲ್ಲೆ. ನುಡಿ ಇದ್ದನ್ನೆ ಹೇಳಿ ಕೂದೆ. 2012ರಲ್ಲಿ ಆಂಡ್ರಾಯ್ಡು ಫೋನುಗಳಲ್ಲೂ ಕನ್ನಡ ಬಂತು, ಡಬ್ಬಿ ಡಬ್ಬಿ ಕಾಂಬದು ನಿಂದತ್ತು, ನಿಂಗೊ ಎಲ್ಲ ಫೋನಿಲೇ ಬರವಲೆ ಸುರು ಮಾಡಿದಿ. ಆನೂ ಮಾಡಿದೆ. ಹಳೆ ಫೈಲಿನ ಮಾಂತ್ರ ಸೀಡಿಂದ ಪೆನ್‌ಡ್ರೈವಿಂಗೆ, ಅಲ್ಲಿಂದ ಲ್ಯಾಪ್‌ಟಾಪಿಂಗೆ ದಾಂಟಿಸಿಗೊಂಡು ಬಂದೆ. ಬಿಡುಸಿ ನೋಡಿದ್ದಿಲ್ಲೆ. ಪತ್ತಾಯದ ಒಳ ಒರಳೆ ಹಿಡುದ್ದಾ ಹೇಳಿ ಆದರೂ ವರ್ಷಕ್ಕೊಂದರಿ ನೋಡ್ತು.

ಬೆಂಗ್ಳೂರಿಲಿಪ್ಪ ಅಳಿಯ ಹೇಳಿಕೊಟ್ಟ ಹಾಂಗೆ ನುಡಿಂದ ಯೂನಿಕೋಡಿಂಗೆ ಬದಲುಸುವ ಒಂದರಲ್ಲಿ ಹಾಕಿದೆ. ಒಂದು ಕ್ಷಣ. ಪುಟ ಇಡೀ ಕನ್ನಡ ಆತು! ಅರ್ಧ ಹೇಳಿ ಇಪ್ಪಲ್ಲಿ ಎಲ್ಲ "ಅಧರ್" ಆಗಿತ್ತು, ಎಂತಕೆ ಹೇಳಿರೆ ಅರ್ಕಾವತ್ತಿನ ನಾವು ಬರವದು ಧ ಆದ ಮತ್ತೆ, ಹೇಳುದು ಮದಲು. ಹಳೆ ಫಾಂಟಿಲಿ ಕಣ್ಣಿಂಗೆ ಕಾಂಬ ಕ್ರಮ, ಯೂನಿಕೋಡಿಲಿ ಬಾಯಿಯ ಕ್ರಮ. ಕೂದು ಒಂದೊಂದೇ ಸರಿ ಮಾಡಿದೆ. ಮೆಡಿ 1000ಕ್ಕೆ ಉಪ್ಪು 3 ಸೇರು. ಸಾಸಮೆ ಹೊಡಿ ಮಾಡುವ ಸಾಲಿನ ನೆಡುಕೆ, "ಹಾಲು ಉಕ್ಕುತ್ತು, ಒಂದರಿ ನೋಡಿಕ್ಕಿ ಬಾ" ಹೇಳಿ ಬರಕ್ಕೊಂಡಿತ್ತು. ಅತ್ತೆ ಹೇಳಿದ್ದರ ಎಲ್ಲ ಟೈಪು ಮಾಡಿಗೊಂಡು ಹೋದ್ದರಲ್ಲಿ ಅದನ್ನೂ ಮಾಡಿತ್ತಿದ್ದೆ. ಆ ಸಾಲು ತೆಗದ್ದಿಲ್ಲೆ. ಕೆಳಾಣಮನೆ ಅತ್ತಿಗೆಗೆ ಹಾಂಗೇ ಕಳುಸಿದೆ.

ಒಳುದ ನಾಲ್ಕು ಮಾಂತ್ರ ಸಿಕ್ಕಿದ್ದಿಲ್ಲೆ. ಆ ಫೈಲು ಫ್ಲಾಪಿಲಿತ್ತು, ಫ್ಲಾಪಿಗೆ ಬೂಸರು ಹಿಡುದ್ದು. ಅಮೆರಿಕಲ್ಲಿಪ್ಪ ತಂಗೆಗೆ ಅಂದು ಆನು ಮೈಲಿಲಿ ಅಂಟುಸಿ ಕಳುಸಿದ್ದು ಇದ್ದು, ಆದರೆ ದಾರಿಲಿ ಏವದೋ ಯಂತ್ರ ಗುರ್ತ ಸಿಕ್ಕದ್ದ ಅಕ್ಷರವ ಎಲ್ಲ ಪ್ರಶ್ನೆ ಚಿಹ್ನೆ ಮಾಡಿದ್ದು. ವೇಷ ಕಳಚಿದ್ದರ ಪುನಃ ಹಾಕುಸುಲಕ್ಕು. ಎಲ್ಲೋರ ಮೋರೆಗೂ ಒಂದೇ ಮಸಿ ಹೂಡಿರೆ ಆರು ಆರು ಹೇಳಿ ಗುರ್ತ ಹಿಡಿವದು ಹೇಂಗೆ?

ಮೂರು ಹೋದರೆ ಹೋಗಲಿ, ಚಟ್ನಿ ಗೊಜ್ಜಿಗಳ ಹೇಂಗಾರೂ ಮಾಡಿಗೊಂಬಲಕ್ಕು. ಒಂದರ ತಲೆಬರಹ ಇಂಗ್ಲಿಷಿಲಿ ಹಾಕಿತ್ತಿದ್ದೆ, ಹಾಂಗಾಗಿ ಗೊಂತಾತು. ಅದು ಬಾಳಂತಿ ಲೇಹ್ಯ. ಮಗಳಿಂಗೆ ಆಟಿಲಿ ದಿನ ತುಂಬುತ್ತು. ಪೇಟೆಲಿ ಕುಪ್ಪಿಲಿ ಸಿಕ್ಕುತ್ತು ಹೇಳಿ ಅದು ಹೇಳುತ್ತು. ಅದರ ಅಬ್ಬೆಗೆ, ಎನಗೆ, ಅತ್ತೆ ಕೈಯ್ಯಾರೆ ಕಾಸಿ ಕೊಟ್ಟದರ ರುಚಿ ನಾಲಗೆಲಿ ಇದ್ದು.

ನಿಂಗಳಲ್ಲಿ ಅತ್ತೆಯ ಲೇಹ್ಯ ತಿಂದವು ಕಮ್ಮಿ ಇಲ್ಲೆ. ದೊಡ್ಡಬ್ಬೆ, ಪೇಟೆ ಅಕ್ಕ, ಮೇಗಾಣಮನೆ ಚಿಕ್ಕಮ್ಮ, ಆರಾದರೂ ಅವರ ಹತ್ತರೆ ಕೇಳಿ ಚೀಟಿಲಿ ಬರಕ್ಕೊಂಡದು ಇದ್ದರೆ ಒಂದರಿ ನೋಡಿ. ಪಂಚಾಂಗದ ಎಡೆಲಿ, ಡಬ್ಬಿಯ ಅಡಿಲಿ, ಎಲ್ಲಿಯಾದರೂ. ಅಂಕೆಗೊ ಎನ್ನ ಹತ್ತರೆ ಇದ್ದು. ಸುರೂವಾಣ ಸಾಲಿಲಿ 4, ಮತ್ತೆ 2, ಪುನಃ 2, ಅದರ ಕೆಳ 1, ಅಕೇರಿಗೆ 10. ಸಾಮಾನಿನ ಹೆಸರು ನಿಂಗೊ ಹೇಳಿ.