ಹಗುರ ಗಂಟಿನ ಲೆಕ್ಕ

ಕಳೆದ ವರ್ಷ ಯುಗಾದಿಗೆ ಇನ್ನೂ ಒಂದೂವರೆ ತಿಂಗಳಿರುವಾಗ ಬೆಂಗಳೂರಿನ ಚಾರಣ ಸಾಮಗ್ರಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಬೆನ್ನುಚೀಲವೊಂದರ ಬೆಲೆಚೀಟಿ ತಿರುವಿ ನೋಡಿ, ಅದನ್ನು ಇದ್ದಲ್ಲೇ ನೇತುಹಾಕಿ ಹೊರಬಂದೆ. ನನ್ನ ಪಿಎಚ್.ಡಿ. ಅಧ್ಯಯನ ಶ್ರೀಶೈಲದ ಪಾದಯಾತ್ರೆಗಳನ್ನು ಕುರಿತದ್ದು. ವಿಜಯಪುರ ಸೀಮೆಯಿಂದ ಹೊರಡುವ ಯಾತ್ರಿಕರ ಜೊತೆ ನಾನೂ ನಡೆಯಬೇಕಿತ್ತು. ಫೆಲೋಶಿಪ್ ಹಣ ನಾಲ್ಕು ತಿಂಗಳಿನಿಂದ ಬಂದಿರಲಿಲ್ಲ. ಆ ಅಂಗಡಿಯಲ್ಲಿ ಒಂದು ಸಂಗತಿ ಗಮನಕ್ಕೆ ಬಂತು: ಚೀಲ ಹಗುರವಾದಷ್ಟೂ ಬೆಲೆ ಏರುತ್ತಿತ್ತು. ಕಡಿಮೆ ಹೊರುವುದಕ್ಕೆ ಹೆಚ್ಚು ದುಡ್ಡು ಕೊಡುವ ಈ ಪದ್ಧತಿ ಯಾವಾಗಿನದು? ಇತಿಹಾಸದ ವಿದ್ಯಾರ್ಥಿಯ ತಲೆಗೆ ಇಂಥ ಪ್ರಶ್ನೆ ಹೊಕ್ಕರೆ ಸುಲಭಕ್ಕೆ ಇಳಿಯುವುದಿಲ್ಲ.

ಹುಡುಕುತ್ತ ಹೋದಾಗ ಸಿಕ್ಕವಳು ಅಮೆರಿಕದ ಓಹಾಯೋ ರಾಜ್ಯದ ಎಮ್ಮಾ ಗೇಟ್‌ವುಡ್. 1887ರಲ್ಲಿ ಹುಟ್ಟಿದವಳು, ಹನ್ನೊಂದು ಮಕ್ಕಳ ತಾಯಿ. ದಶಕಗಳ ಕಾಲ ಗಂಡನ ಹೊಡೆತ ತಿಂದು, 1940ರ ಆಸುಪಾಸಿನಲ್ಲಿ ಅವನಿಂದ ಬಿಡುಗಡೆ ಪಡೆದಳು. 1955ರ ಮೇ 3ರಂದು, ತನ್ನ 67ನೇ ವಯಸ್ಸಿನಲ್ಲಿ, ಜಾರ್ಜಿಯಾದಿಂದ ಅಪಲಾಚಿಯನ್ ಟ್ರೇಲ್ ಹಿಡಿದು ಹೊರಟಳು. ಎಲ್ಲಿಗೆಂದು ಮಕ್ಕಳಿಗೆ ಸರಿಯಾಗಿ ಹೇಳಿರಲಿಲ್ಲ. ಸೆಪ್ಟೆಂಬರ್ 25ಕ್ಕೆ ಮೇಯ್ನ್ ರಾಜ್ಯದ ಕಟಾಡಿನ್ ಬೆಟ್ಟದ ತುದಿಯಲ್ಲಿದ್ದಳು. ನಡೆದದ್ದು ಸುಮಾರು 3,300 ಕಿಲೋಮೀಟರ್. ಆ ಹಾದಿಯನ್ನು ಒಂದೇ ಬಾರಿಗೆ ಒಬ್ಬಳೇ ಮುಗಿಸಿದ ಮೊದಲ ಹೆಂಗಸು ಅವಳು.

ಅವಳ ಬಳಿ ಟೆಂಟಿರಲಿಲ್ಲ, ಸ್ಲೀಪಿಂಗ್ ಬ್ಯಾಗಿರಲಿಲ್ಲ. ಜೀನ್ಸ್ ಬಟ್ಟೆಯಲ್ಲಿ ತಾನೇ ಹೊಲಿದ ಒಂದು ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಅದರೊಳಗೆ ಸೈನ್ಯದ ಒಂದು ಕಂಬಳಿ, ಒಂದು ಮಳೆಯಂಗಿ, ಬಚ್ಚಲಮನೆಗೆ ಇಳಿಬಿಡುವ ಪ್ಲಾಸ್ಟಿಕ್ ಪರದೆ, ಒಂದಿಷ್ಟು ಒಣದ್ರಾಕ್ಷಿ, ಬೀಜಗಳು. ಮಳೆ ಬಂದರೆ ಆ ಪರದೆಯೇ ಮರೆ. ಕಾಲಲ್ಲಿ ಸಾಧಾರಣ ಕ್ಯಾನ್ವಾಸ್ ಬೂಟು. ಇಡೀ ಗಂಟಿನ ತೂಕ 9 ಕೆಜಿ ದಾಟಿದ್ದು ಅಪರೂಪ. ಅದೇ ಆಗಸ್ಟ್‌ನಲ್ಲಿ ಕಾನಿ ಮತ್ತು ಡಯಾನ್ ಎಂಬ ಎರಡು ಚಂಡಮಾರುತಗಳು ಒಂದರ ಹಿಂದೊಂದು ಅಮೆರಿಕದ ಪೂರ್ವ ಭಾಗಕ್ಕೆ ಅಪ್ಪಳಿಸಿದಾಗಲೂ ಅವಳು ದಾರಿಯಲ್ಲಿದ್ದಳು.

ಎಮ್ಮಾಳಿಗೆ ಬದುಕು ಕಲಿಸಿದ್ದನ್ನು ಬರಹವಾಗಿಸಿದವನು ರೇ ಜಾರ್ಡಿನ್. ವಿಮಾನ ಮತ್ತು ಬಾಹ್ಯಾಕಾಶ ತಂತ್ರಜ್ಞಾನದ ಎಂಜಿನಿಯರ್ ಆಗಿದ್ದವನು. ಬಂಡೆ ಏರುವವರು ಬಿರುಕುಗಳಲ್ಲಿ ಸಿಕ್ಕಿಸುವ 'ಫ್ರೆಂಡ್ಸ್' ಎಂಬ ಸಾಧನವನ್ನು ರೂಪಿಸಿದವನೂ ಅವನೇ. ಹೆಂಡತಿ ಜೆನ್ನಿಯೊಡನೆ ಪಶ್ಚಿಮ ಕರಾವಳಿಯ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ನಡೆದು, 1992ರಲ್ಲಿ ಅದರ ಕೈಪಿಡಿ ಪ್ರಕಟಿಸಿದ. ಅವನ ವಾದ ಸರಳವಾಗಿತ್ತು. ತೂಕವೆಲ್ಲ ಕೂತಿರುವುದು ಚೀಲ, ಸೂರು, ಹಾಸಿಗೆ ಈ ಮೂರರಲ್ಲಿ. ಮೊದಲು ಅವನ್ನು ಇಳಿಸಿ. ಟೆಂಟಿನ ಬದಲು ಒಂದು ಹಾಳೆ, ದಪ್ಪ ಬೂಟಿನ ಬದಲು ಓಟದ ಷೂ ಸಾಕು. ಚೀಲವನ್ನೂ ಹೊದಿಕೆಯನ್ನೂ ಮನೆಯ ಹೊಲಿಗೆ ಯಂತ್ರದಲ್ಲೇ ಹೊಲಿಯಿರಿ.

ಆಮೇಲೆ ಮಾರುಕಟ್ಟೆ ಎಚ್ಚೆತ್ತಿತು. ಟೈಟಾನಿಯಂ ಪಾತ್ರೆಗಳು ಬಂದವು. ಪಂದ್ಯದ ಹಾಯಿದೋಣಿಗಳಿಗೆಂದು ತಯಾರಾದ ಬಟ್ಟೆಯಿಂದ ಚೀಲ, ಟೆಂಟು ಹೊಲಿಯತೊಡಗಿದರು. ಕೈಯಲ್ಲಿ ಕಾಸಿಲ್ಲದವರ ಜಾಣತನ ಕಾಸಿದ್ದವರ ಸರಕಾಯಿತು. ನಾನು ಅಂಗಡಿಯಲ್ಲಿ ನೋಡಿದ ಬೆಲೆಚೀಟಿಯ ಹಿಂದೆ ಇಷ್ಟು ಕತೆಯಿತ್ತು.

ಊರಿಗೆ ಹೋಗಿ ನಾನೂ ಜಾರ್ಡಿನ್ ಹೇಳಿದಂತೆಯೇ ಮಾಡಿದೆ. ಕಾಲೇಜಿನ ಹಳೆಯ ಚೀಲ, ಸೂರಿಗೆ ರಾಶಿಯ ಮೇಲೆ ಹೊದಿಸುವ ತೆಳು ಪ್ಲಾಸ್ಟಿಕ್ ಹಾಳೆ, ಕೌದಿ ಬಿಟ್ಟು ಒಂದು ದುಪ್ಪಟಿ, ಸ್ಟೀಲ್ ಬಾಟಲಿಯ ಬದಲು ಖಾಲಿ ಪ್ಲಾಸ್ಟಿಕ್ ಬಾಟಲಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ನೀರು ಬಿಟ್ಟು ಐದು ಕೆಜಿ. ಹೆಮ್ಮೆಯಿಂದ ಆಯಿಗೆ ತೋರಿಸಿದೆ. ಅವಳು ಹರೆಯದಲ್ಲಿ ಏಳು ಸಲ ನಡೆದು ಹೋದವಳು.

"ಇಷ್ಟ್ಯಾಕ ಹೊತಕೊಂಡು ಹೊಂಟಿ ಯವ್ವಾ?" ಅಂದಳು. "ನಾವು ಒಂದು ಸೀರಿ, ಒಂದು ಗಂಟು ರೊಟ್ಟಿ ತಗೊಂಡು ಹೋಗತಿದ್ವಿ. ಹಾದ್ಯಾಗ ಊರೂರಿಗೆ ಮಂದಿ ಅದಾರಲ್ಲ, ನೀರು ಕೊಡತಾರ, ಅನ್ನ ನೀಡತಾರ."

ಆ ಮಾತು ಕೇಳಿದ ಮೇಲೆ ಎಮ್ಮಾಳ ಕತೆಯನ್ನು ಮತ್ತೊಮ್ಮೆ ಓದಿದೆ. ಅವಳ ಚೀಲ ಹಗುರವಾಗಿದ್ದದ್ದು ಅವಳ ಗಟ್ಟಿತನದಿಂದ ಮಾತ್ರವಲ್ಲ. ಎಷ್ಟೋ ರಾತ್ರಿ ಎಲೆಗಳ ಮೇಲೆ ಮಲಗಿದಳು ನಿಜ. ಎಷ್ಟೋ ರಾತ್ರಿ ಅಪರಿಚಿತರ ಬಾಗಿಲು ತಟ್ಟಿ ಊಟ, ಹಾಸಿಗೆ ಪಡೆದಳು. ಕೆಲವರು ಇಲ್ಲವೆಂದರು, ಹಲವರು ಒಳಗೆ ಕರೆದರು. ಅವಳು ಹೊರದೆ ಬಿಟ್ಟ ಟೆಂಟನ್ನು ದಾರಿಯ ಮನೆಗಳು ಹೊತ್ತಿದ್ದವು. ಅವಳು ಬಿಳಿಯ ಅಜ್ಜಿ. 1955ರ ಜಾರ್ಜಿಯಾದಲ್ಲಿ ಬಸ್ಸು, ಶಾಲೆ, ಹೋಟೆಲುಗಳೆಲ್ಲ ಬಣ್ಣದ ಮೇಲೆ ಬೇರೆಯಾಗಿದ್ದವು. ಅವಳು ನಡೆಯುತ್ತಿದ್ದ ಅದೇ ಆಗಸ್ಟ್‌ನಲ್ಲಿ ಮಿಸಿಸಿಪಿಯಲ್ಲಿ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಕೊಂದರು. ಕಪ್ಪು ಹೆಂಗಸೊಬ್ಬಳು ಅಂಥ ಪುಟ್ಟ ಚೀಲ ನೆಚ್ಚಿಕೊಂಡು, ಕತ್ತಲಾದ ಮೇಲೆ ಕಂಡ ಬಾಗಿಲು ತಟ್ಟುವ ಧೈರ್ಯ ಮಾಡಬಹುದಿತ್ತೇ?

ಅದೇ ಪ್ರಶ್ನೆ ತಿರುಗಿ ನಮ್ಮ ಊರಿಗೇ ಬಂತು.

"ಆಯಿ, ಕೇರಿಯವರೂ ನಿಮ್ಮ ಜೋಡಿ ಬರತಿದ್ರೇನು?"

"ಬರತಿದ್ರಲ್ಲ. ಹಿಂದ ಬರತಿದ್ರು." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಅವರ ಗಂಟು ದೊಡ್ಡವು ಇರತಿದ್ದವು. ಗಡಿಗಿ, ಬೋಗಾಣಿ, ಹಿಟ್ಟು ಎಲ್ಲಾ ತಾವs ಹೊತಕೊಂಡು ಬರತಿದ್ರು."

ನಾನು ಸಂದರ್ಶನಗಳಿಗೆಂದು ಸಿದ್ಧಪಡಿಸಿದ್ದ ಪಟ್ಟಿಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು: ಹರಕೆ, ಹಾಡು, ಹಾದಿ, ಮಠ. ಗಂಟಿನ ಬಗ್ಗೆ ಒಂದೂ ಇರಲಿಲ್ಲ. ಆ ರಾತ್ರಿ ಇಪ್ಪತ್ತಮೂರನೆಯದನ್ನು ಕೈಯಲ್ಲೇ ಬರೆದು ಸೇರಿಸಿದೆ: 'ಏನೇನು ಹೊತ್ತು ತಂದಿರಿ? ಅದರಲ್ಲಿ ಯಾವುದನ್ನು ಬಿಟ್ಟು ಬರುವಂತಿರಲಿಲ್ಲ?' ಈಗ ನನ್ನ ಪ್ರಬಂಧದ ಮೂರನೇ ಅಧ್ಯಾಯ ಆ ಪ್ರಶ್ನೆಗೆ ಸಿಕ್ಕ ಉತ್ತರಗಳ ಮೇಲೆಯೇ ನಿಂತಿದೆ.